ಚೆಂಡಿನ ಬೆನ್ನು ಹತ್ತಿದ ಕ್ಯಾಮೆರಾ

ಷಿಕಾಗೋ ನಗರದ ಪಶ್ಚಿಮ ಭಾಗದಲ್ಲಿ ಒಂದು ಬಯಲು ಅಂಕಣ. ಡಾಂಬರು ನೆಲ, ಕಂಬಕ್ಕೆ ಬಿಗಿದ ಕಬ್ಬಿಣದ ಬಳೆ, ಅಂಚಿನಲ್ಲಿ ನಿಂತ ಹುಡುಗರು. ಆರ್ಥರ್ ಏಜೀ ಎಂಬ ಹುಡುಗ ಅಲ್ಲಿ ಬಾಸ್ಕೆಟ್‌ಬಾಲ್ ಆಡುತ್ತಿದ್ದಾನೆ. ಅವನ ಅಪ್ಪ ಬೋ ಅಲ್ಲಿಗೆ ಬರುತ್ತಾನೆ. ಸ್ವಲ್ಪ ಹೊತ್ತಿಗೆ ಅಂಕಣದ ಆಚೆ ಸರಿದು ಮಾದಕ ವಸ್ತು ಕೊಳ್ಳುತ್ತಾನೆ. ಕ್ಯಾಮೆರಾ ದೂರದಲ್ಲಿ ನಿಂತು ಎರಡನ್ನೂ ನೋಡುತ್ತದೆ. ಮಗನಿಗೂ ಅದು ಗೊತ್ತಾಗುತ್ತದೆ. ಆಟ ಮಾತ್ರ ನಿಲ್ಲುವುದಿಲ್ಲ.

ಬೀದಿ ಬಾಸ್ಕೆಟ್‌ಬಾಲ್ ಕುರಿತ ಚಿತ್ರಗಳಲ್ಲಿ 'ಹೂಪ್ ಡ್ರೀಮ್ಸ್' ಯಾಕೆ ಬೇರೆಯೇ ತೂಕದ್ದು ಎಂದು ಯಾರಾದರೂ ಕೇಳಿದರೆ ನಾನು ಮೊದಲು ತೋರಿಸುವುದು ಈ ದೃಶ್ಯವನ್ನು. ಬಡವರ ಕೇರಿಯ ಆಟದಂಗಳವನ್ನು ದೇವಸ್ಥಾನ ಮಾಡುವ ಚಿತ್ರಗಳಿವೆ, ಅಪರಾಧದ ಅಡ್ಡೆ ಮಾಡುವ ಚಿತ್ರಗಳೂ ಇವೆ. ಸ್ಟೀವ್ ಜೇಮ್ಸ್ ನಿರ್ದೇಶಿಸಿ 1994ರಲ್ಲಿ ತೆರೆಗೆ ತಂದ ಈ ಸಾಕ್ಷ್ಯಚಿತ್ರ ಎರಡನ್ನೂ ಮಾಡುವುದಿಲ್ಲ. ಅಪ್ಪನ ಸೋಲು, ಮಗನ ಆಟ ಎರಡೂ ಒಂದೇ ಡಾಂಬರಿನ ಮೇಲೆ ನಡೆಯುತ್ತವೆ ಎಂಬುದನ್ನು ಅದು ಕಣ್ಣು ತಪ್ಪಿಸದೆ ನೋಡುತ್ತದೆ. ದೊಡ್ಡ ನಗರದಲ್ಲಿ ಒಬ್ಬ ಹುಡುಗ ಕನಸು ಕಟ್ಟಿಕೊಂಡರೆ ಅದರ ಖರ್ಚು ಯಾರ ತಲೆಯ ಮೇಲೆ ಬೀಳುತ್ತದೆ ಎಂದು ಇಷ್ಟು ತಾಳ್ಮೆಯಿಂದ ಲೆಕ್ಕ ಹಾಕಿದ ಬೇರೆ ಚಿತ್ರವನ್ನು ನಾನು ನೋಡಿಲ್ಲ. ಆದರೆ ಆ ಖರ್ಚನ್ನು ಹೊತ್ತವರನ್ನು ಚಿತ್ರ ಎಷ್ಟು ನೋಡಬೇಕಿತ್ತೋ ಅಷ್ಟು ನೋಡಿಲ್ಲ ಎಂಬ ಕೊರಗೂ ನನಗಿದೆ. ಅದರ ಕ್ಯಾಮೆರಾ ಬಹಳ ಹೊತ್ತು ಚೆಂಡಿನ ಬೆನ್ನು ಹತ್ತಿ ಓಡಿತು.

ಹಿನ್ನೆಲೆಯನ್ನು ಚುಟುಕಾಗಿ ಹೇಳುತ್ತೇನೆ. ಷಿಕಾಗೋದ ಕಾರ್ಟೆಮ್‌ಕ್ವಿನ್ ಫಿಲ್ಮ್ಸ್ ಸಂಸ್ಥೆಯ ಆಸರೆಯಲ್ಲಿ ಜೇಮ್ಸ್, ಫ್ರೆಡರಿಕ್ ಮಾರ್ಕ್ಸ್, ಪೀಟರ್ ಗಿಲ್ಬರ್ಟ್ ಮೂವರೂ ಸೇರಿ ಸಾರ್ವಜನಿಕ ಟೆಲಿವಿಷನ್ನಿಗೆಂದು ಮೂವತ್ತು ನಿಮಿಷದ ಕಿರುಚಿತ್ರ ಮಾಡಲು ಹೊರಟಿದ್ದರು. ಬೀದಿ ಅಂಕಣವೇ ಅದರ ವಸ್ತುವಾಗಬೇಕಿತ್ತು. ಹದಿನಾಲ್ಕು ವರ್ಷದ ಇಬ್ಬರು ಕಪ್ಪು ಹುಡುಗರು, ಆರ್ಥರ್ ಏಜೀ ಮತ್ತು ವಿಲಿಯಂ ಗೇಟ್ಸ್, ಸಿಕ್ಕಿದ ಮೇಲೆ ಚಿತ್ರ ಅವರ ಹಿಂದೆಯೇ ಹೋಯಿತು. ಸುಮಾರು ಐದು ವರ್ಷದ ಚಿತ್ರೀಕರಣ, 250 ಗಂಟೆಗೂ ಮಿಕ್ಕಿದ ವಿಡಿಯೋ ಸುರುಳಿ. ಅದೆಲ್ಲ ಕೊನೆಗೆ 171 ನಿಮಿಷಕ್ಕೆ ಇಳಿಯಿತು. ಸನ್‌ಡಾನ್ಸ್ ಉತ್ಸವದಲ್ಲಿ ಪ್ರೇಕ್ಷಕರ ಪ್ರಶಸ್ತಿ ಬಂತು. ಆಸ್ಕರ್‌ನ ಸಾಕ್ಷ್ಯಚಿತ್ರ ವಿಭಾಗದಲ್ಲಿ ನಾಮನಿರ್ದೇಶನ ಸಿಗದೆ ಹೋದಾಗ ಎದ್ದ ಗದ್ದಲದಿಂದ ಆ ವಿಭಾಗದ ಆಯ್ಕೆಯ ಕ್ರಮವನ್ನೇ ಬದಲಿಸಬೇಕಾಯಿತು. ವಿಮರ್ಶಕ ರೋಜರ್ ಈಬರ್ಟ್ ಇದನ್ನು 1990ರ ದಶಕದ ಅತ್ಯುತ್ತಮ ಚಿತ್ರವೆಂದು ಕರೆದರು.

ಈ ಹುಡುಗರು ಬೆಳೆದ ಷಿಕಾಗೋ ಎಂಥದ್ದು? ಇಲ್ಲಿ ಚಿತ್ರ ಬಾಯಿ ಬಿಗಿಹಿಡಿದಿದೆ. ಆರ್ಥರ್‌ನ ಮನೆ ಇದ್ದದ್ದು ಪಶ್ಚಿಮ ಭಾಗದ ಗಾರ್‌ಫೀಲ್ಡ್ ಪಾರ್ಕ್ ಸುತ್ತಿನ ಕೇರಿಯಲ್ಲಿ. ಅಲ್ಲಿ ಹಾದುಹೋಗುವ ಮ್ಯಾಡಿಸನ್ ರಸ್ತೆ ಒಂದು ಕಾಲಕ್ಕೆ ಅಂಗಡಿ, ಚಿತ್ರಮಂದಿರಗಳಿಂದ ತುಂಬಿ ತುಳುಕುತ್ತಿತ್ತು. 1968ರ ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಕೊಲೆಯಾದಾಗ ಆ ರಸ್ತೆಯ ಸಾಲು ಸಾಲು ಕಟ್ಟಡಗಳು ಹೊತ್ತಿ ಉರಿದವು. ಸುಟ್ಟ ಜಾಗಗಳಲ್ಲಿ ಎಷ್ಟೋ ಖಾಲಿ ನಿವೇಶನಗಳಾಗಿಯೇ ಉಳಿದವು. ಹತ್ತಿರದ ನಾರ್ತ್ ಲಾನ್‌ಡೇಲ್‌ನಲ್ಲಿದ್ದ ಸಿಯರ್ಸ್ ಕಂಪನಿಯ ಮುಖ್ಯ ಕಚೇರಿ 1970ರ ದಶಕದಲ್ಲಿ ನಗರದ ನಡುವಿನ ಗಗನಚುಂಬಿಗೆ ಎದ್ದು ಹೋಯಿತು. ಪಕ್ಕದ ಸಿಸೆರೋದಲ್ಲಿ ಒಂದು ಕಾಲಕ್ಕೆ 40,000ಕ್ಕೂ ಹೆಚ್ಚು ಜನರಿಗೆ ಕೆಲಸ ಕೊಟ್ಟಿದ್ದ ವೆಸ್ಟರ್ನ್ ಎಲೆಕ್ಟ್ರಿಕ್‌ನ ಹಾಥಾರ್ನ್ ಕಾರ್ಖಾನೆ 1983ರಲ್ಲಿ ಬಾಗಿಲು ಹಾಕಿತು. ಅಪ್ಪಂದಿರು ದುಡಿಯಬಹುದಾದ ಜಾಗಗಳು ಹೀಗೆ ಒಂದೊಂದಾಗಿ ಕಣ್ಮರೆಯಾದ ಮೇಲೆ ಹುಡುಗರಿಗೆ ಉಳಿದದ್ದು ಅಂಕಣ. ಅದೇ ಮ್ಯಾಡಿಸನ್ ರಸ್ತೆಯಲ್ಲಿ ಪೂರ್ವಕ್ಕೆ ಹೋದರೆ ಆಗ ಷಿಕಾಗೋ ಸ್ಟೇಡಿಯಂ ಸಿಗುತ್ತಿತ್ತು. ಆ ವರ್ಷಗಳಲ್ಲಿ ಮೈಕೆಲ್ ಜೋರ್ಡನ್ ಆಡುತ್ತಿದ್ದ ಜಾಗ ಅದು. ಕಾರ್ಖಾನೆಯ ಗೇಟು ಮುಚ್ಚಿದ್ದು ಕಾಣುತ್ತಿತ್ತು, ಸ್ಟೇಡಿಯಂನ ದೀಪ ಉರಿಯುತ್ತಿದ್ದದ್ದೂ ಕಾಣುತ್ತಿತ್ತು.

ವಿಲಿಯಂ ಇದ್ದದ್ದು ಕಾಬ್ರಿನಿ-ಗ್ರೀನ್‌ನಲ್ಲಿ. ಸರ್ಕಾರಿ ವಸತಿಯ ಆ ಎತ್ತರದ ಕಟ್ಟಡಗಳಿಂದ ನಗರದ ಅತಿ ಸಿರಿವಂತರ ಗೋಲ್ಡ್ ಕೋಸ್ಟ್ ನಡೆದು ಹೋಗುವಷ್ಟು ಹತ್ತಿರ. ಆ ಕಟ್ಟಡಗಳು ಈಗಿಲ್ಲ, ಕೊನೆಯದನ್ನು 2011ರಲ್ಲಿ ಕೆಡವಿದರು. ಈ ಇತಿಹಾಸವನ್ನು ಚಿತ್ರ ಹೇಳುವುದಿಲ್ಲ. ಪಾಠ ಮಾಡಬಾರದು ಎಂಬ ಅದರ ಸಂಯಮವನ್ನು ಗೌರವಿಸುತ್ತೇನೆ. ಆದರೂ ಬೋ ಯಾಕೆ ಒಂದು ಕೆಲಸದಿಂದ ಇನ್ನೊಂದಕ್ಕೆ ಅಲೆಯುತ್ತಾನೆ ಎಂಬುದಕ್ಕೆ ಒಂದು ನಿಮಿಷದ ವಿವರಣೆ ಇದ್ದಿದ್ದರೆ, ಅವನ ಸೋಲನ್ನು ಬರೀ ಅವನ ಗುಣದೋಷವೆಂದು ನೋಡುಗರು ಓದುವುದು ತಪ್ಪುತ್ತಿತ್ತು.

ಬೀದಿ ಅಂಕಣದಲ್ಲಿ ಆರ್ಥರ್‌ನನ್ನು ಕಂಡವನು ಒಬ್ಬ ಹವ್ಯಾಸಿ ಹುಡುಕಾಟಗಾರ. ಆಡುವ ಮಕ್ಕಳಲ್ಲಿ ಚುರುಕಾದವರನ್ನು ಗುರುತಿಸಿ ದೊಡ್ಡ ಶಾಲೆಗಳಿಗೆ ಸೇರಿಸುವುದು ಅವನ ಕೆಲಸ. ಅವನು ಆರ್ಥರ್‌ನನ್ನು ಕರೆದೊಯ್ದದ್ದು ವೆಸ್ಟ್‌ಚೆಸ್ಟರ್ ಉಪನಗರದ ಸೇಂಟ್ ಜೋಸೆಫ್ ಎಂಬ ಕ್ಯಾಥೊಲಿಕ್ ಪ್ರೌಢಶಾಲೆಗೆ. ಬಿಳಿಯರೇ ಹೆಚ್ಚಿದ್ದ ಶಾಲೆ. ತರಬೇತುದಾರ ಜೀನ್ ಪಿಂಗಟೋರ್. ಷಿಕಾಗೋದ ಇದೇ ಪಶ್ಚಿಮ ಭಾಗದಿಂದ ಹೋಗಿ ಡೆಟ್ರಾಯಿಟ್ ಪಿಸ್ಟನ್ಸ್ ತಂಡದ ನಾಯಕನಾದ ಐಸಯಾ ಥಾಮಸ್ ಇದೇ ಪಿಂಗಟೋರ್ ಅವರ ಶಿಷ್ಯ. ಚಿತ್ರದ ಮೊದಲಲ್ಲೇ ಥಾಮಸ್ ಹಳೆಯ ಶಾಲೆಗೆ ಬಂದು ಮಕ್ಕಳ ನಡುವೆ ಆರ್ಥರ್‌ನ ಜೊತೆ ಒಬ್ಬರಿಗೊಬ್ಬರು ಆಡುತ್ತಾರೆ. ಆಗ ಹುಡುಗನ ಮುಖವನ್ನು ನೋಡಬೇಕು. ಆ ಮುಖದ ಬೆಳಕೇ ಈ ಇಡೀ ವ್ಯವಸ್ಥೆಯ ಬಂಡವಾಳ. ಒಬ್ಬ ಥಾಮಸ್ ದಾಟಿದ ಎಂಬ ಸತ್ಯವನ್ನು ತೋರಿಸಿಯೇ ನೂರಾರು ಮನೆಗಳನ್ನು ಒಪ್ಪಿಸಲಾಗುತ್ತದೆ. ಈ ಹುಡುಗರು ಪ್ರೌಢಶಾಲೆ ಮುಗಿಸುವ ಹೊತ್ತಿಗೆ ವೃತ್ತಿಪರ ಲೀಗ್ ಎನ್‌ಬಿಎಯ ತಂಡಗಳೆಲ್ಲ ಸೇರಿ ಇಡೀ ದೇಶದಿಂದ, ಹೊರದೇಶಗಳಿಂದಲೂ, ವರ್ಷಕ್ಕೆ ಹೊಸದಾಗಿ ಆರಿಸಿಕೊಳ್ಳುತ್ತಿದ್ದದ್ದು 54 ಆಟಗಾರರನ್ನು. ಈ ಸಂಖ್ಯೆಯನ್ನು ಹದಿನಾಲ್ಕರ ಹುಡುಗನಿಗೆ ಯಾರೂ ಹೇಳುವುದಿಲ್ಲ.

ಶಾಲೆಗೆ ಹೋಗಲು ಒಂದೂವರೆ ಗಂಟೆ, ಬರಲು ಒಂದೂವರೆ ಗಂಟೆ. ವಿಲಿಯಂ ಕೂಡ ಸೇರಿದ್ದು ಇದೇ ಶಾಲೆಗೆ. ಇಬ್ಬರು ಹುಡುಗರಿಗೂ ಅರ್ಧದಷ್ಟು ಶುಲ್ಕ ಮಾಫಿ. ವಿಲಿಯಂ ಮೊದಲ ವರ್ಷವೇ ಶಾಲೆಯ ಮುಖ್ಯ ತಂಡದಲ್ಲಿ ಮಿಂಚಿದ. ಅವನ ಉಳಿದ ಶುಲ್ಕಕ್ಕೆ ದಾನಿಗಳು ಸಿಕ್ಕರು. ಆರ್ಥರ್ ನಿರೀಕ್ಷಿಸಿದಷ್ಟು ಬೇಗ ಬೆಳೆಯಲಿಲ್ಲ. ಶುಲ್ಕ ಏರಿತು, ಮನೆಯವರ ಕೆಲಸ ಹೋಯಿತು, ಬಾಕಿ ನಿಂತಿತು. ಎರಡನೆಯ ವರ್ಷದ ನಡುವೆ ಅವನು ಶಾಲೆ ಬಿಡಬೇಕಾಯಿತು. ಸರ್ಕಾರಿ ಮಾರ್ಷಲ್ ಪ್ರೌಢಶಾಲೆಗೆ ಸೇರಿದ ಮೇಲೂ ಹಳೆಯ ಶಾಲೆ ಬಾಕಿ ತೀರುವ ತನಕ ಅವನ ಅಂಕಪಟ್ಟಿ ಕೊಡಲಿಲ್ಲ. ಅದಿಲ್ಲದೆ ಪದವಿಪತ್ರವಿಲ್ಲ, ಪದವಿಪತ್ರವಿಲ್ಲದೆ ಕಾಲೇಜಿಲ್ಲ. ಅಂಕಣದಿಂದ ಕರೆದುಕೊಂಡು ಹೋದವರೇ ಆ ಹುಡುಗನ ಕಲಿಕೆಯನ್ನು ಸಾಲಕ್ಕೆ ಒತ್ತೆ ಇಟ್ಟುಕೊಂಡದ್ದನ್ನು ಚಿತ್ರ ಯಾವ ಸಂಗೀತದ ಒತ್ತಾಸೆಯೂ ಇಲ್ಲದೆ ಹೇಳುತ್ತದೆ. ಆರ್ಥರ್ ಎಣಿಸಿದಷ್ಟು ಒಳ್ಳೆಯ ಆಟಗಾರನಾಗಿದ್ದರೆ ಅವನು ಇನ್ನೂ ಅಲ್ಲಿಯೇ ಇರುತ್ತಿದ್ದ ಎಂದು ಮಾರ್ಷಲ್‌ನ ತರಬೇತುದಾರ ಲೂಥರ್ ಬೆಡ್‌ಫರ್ಡ್ ನೇರವಾಗಿ ಹೇಳುತ್ತಾರೆ. ಪಿಂಗಟೋರ್ ಅದು ಬರೀ ಹಣದ ಪ್ರಶ್ನೆ ಎನ್ನುತ್ತಾರೆ. ಇಬ್ಬರನ್ನೂ ಕೇಳಿಸಿ ಚಿತ್ರ ಸುಮ್ಮನಾಗುತ್ತದೆ. ನನ್ನ ಮಟ್ಟಿಗೆ ಬೆಡ್‌ಫರ್ಡ್ ಮಾತೇ ಸರಿ. ಇಬ್ಬರ ಮನೆಯಲ್ಲೂ ಹಣವಿರಲಿಲ್ಲ, ಒಬ್ಬನಿಗೆ ಮಾತ್ರ ಹಣ ಹುಟ್ಟಿತು.

ಪಿಂಗಟೋರ್ ಅವರನ್ನು ಖಳನನ್ನಾಗಿ ಮಾಡಿದ್ದರೆ ಚಿತ್ರ ಸುಲಭವಾಗುತ್ತಿತ್ತು, ಹಗುರವೂ ಆಗುತ್ತಿತ್ತು. ಅವರು ಆಟವನ್ನು ಪ್ರಾಮಾಣಿಕವಾಗಿ ಪ್ರೀತಿಸುವ, ಹುಡುಗರನ್ನು ಕಾಲೇಜು ಮುಟ್ಟಿಸಬೇಕೆಂದು ನಂಬಿದ ಮನುಷ್ಯ. ಆದರೆ ಅವರ ಕಣ್ಣು ತಂಡದ ಮೇಲಿದೆ, ವಿಲಿಯಂನ ಹೆಂಡತಿಯಾಗಲಿರುವ ಹುಡುಗಿಯ ಮೇಲಾಗಲೀ ಮಗುವಿನ ಮೇಲಾಗಲೀ ಇಲ್ಲ. ಪ್ರೌಢಶಾಲೆಯಲ್ಲಿರುವಾಗಲೇ ವಿಲಿಯಂ ಅಪ್ಪನಾದ. ಮನೆಯ ತೊಂದರೆ ಹೇಳಿಕೊಳ್ಳಲು ಹೋದಾಗ ತರಬೇತುದಾರರಿಂದ ತನಗೆ ಬೇಕಾದ ಕಿವಿ ಸಿಗಲಿಲ್ಲ ಎಂಬ ನೋವು ಅವನಲ್ಲಿ ಉಳಿಯಿತು. ನಡುವೆ ಮೊಣಕಾಲಿಗೆ ಪೆಟ್ಟು, ಶಸ್ತ್ರಚಿಕಿತ್ಸೆ, ಬೇಗ ಮರಳಿ ಆಡುವ ಆತುರ, ಮತ್ತೆ ಪೆಟ್ಟು. ಗಾಯದ ಕಾಲಿನಲ್ಲಿ ಓಡುವ ಆ ಹುಡುಗನನ್ನು ನೋಡುವುದು ಕಷ್ಟ. ಇಡೀ ಕ್ರೀಡಾಂಗಣ ಅವನ ಕಾಲಿನ ಮೇಲೆ ಕುಳಿತಂತೆ ಕಾಣುತ್ತದೆ.

ಆ ಕಾಲಿನ ಮೇಲೆ ಇನ್ನೊಬ್ಬರ ಭಾರವೂ ಇತ್ತು. ವಿಲಿಯಂನ ಅಣ್ಣ ಕರ್ಟಿಸ್ ಒಂದು ಕಾಲಕ್ಕೆ ಹೆಸರಾದ ಆಟಗಾರ. ಕಾಲೇಜಿನಲ್ಲಿ ತರಬೇತುದಾರರ ಜೊತೆ ಹೊಂದಿಕೆಯಾಗದೆ ಆಟ ಬಿಟ್ಟು, ಊರಿಗೆ ಬಂದು ಕಾವಲುಗಾರನ ಕೆಲಸ ಹಿಡಿದವನು. ತನ್ನ ಕನಸನ್ನೆಲ್ಲ ತಮ್ಮನ ಮೇಲೆ ಹೇರಿದ್ದೇನೆ ಎಂದು ಅವನೇ ಹೇಳುತ್ತಾನೆ. ಆರ್ಥರ್‌ನ ಅಪ್ಪ ಬೋ ಕೂಡ ಹಾಗೆಯೇ. ಅವನೂ ಆಡಿದವನು, ತಾನೂ ದೊಡ್ಡ ಆಟಗಾರನಾಗಬಹುದಿತ್ತು ಎಂದು ನಂಬಿದವನು. ಈ ಕನಸು ಹುಡುಗರ ತಲೆಯಲ್ಲಿ ತಾನಾಗಿ ಹುಟ್ಟಿದ್ದಲ್ಲ. ಅಣ್ಣನಿಂದ ತಮ್ಮನಿಗೆ, ಅಪ್ಪನಿಂದ ಮಗನಿಗೆ ತೀರದ ಬಾಕಿಯಂತೆ ದಾಟಿ ಬಂದದ್ದು. ಆಟ ಮುಗಿದು ಮನೆಗೆ ಬಂದ ವಿಲಿಯಂನ ಮುಂದೆ ಕರ್ಟಿಸ್ ಕುಳಿತು ಹೇಳುವ ತಪ್ಪೊಪ್ಪುಗಳನ್ನು ಕೇಳಿ. ಪ್ರೀತಿ ಇದೆ, ಅದರೊಳಗೇ ಒಂದು ಹಸಿವೂ ಇದೆ. ನಾನು ಎನ್‌ಬಿಎ ಮುಟ್ಟದಿದ್ದರೂ ನನ್ನನ್ನು ಮರೆಯಬೇಡಿ ಎಂಬ ಅರ್ಥದ ಮಾತನ್ನು ಚಿತ್ರದ ಕೊನೆಗೆ ವಿಲಿಯಂ ಆಡುತ್ತಾನೆ. ಅದನ್ನು ಹೇಳಲು ಅವನಿಗೆ ನಾಲ್ಕು ವರ್ಷ ಬೇಕಾಯಿತು ಎಂಬುದೇ ಆ ಪ್ರೀತಿಯ ತೂಕವನ್ನು ತಿಳಿಸುತ್ತದೆ.

ನೈಕಿ ಕಂಪನಿ ಪ್ರಿನ್ಸ್‌ಟನ್‌ನಲ್ಲಿ ಬೇಸಿಗೆಯಲ್ಲಿ ನಡೆಸಿದ ಶಿಬಿರದ ಭಾಗ ಚಿತ್ರದ ಅತ್ಯಂತ ಖಾರವಾದ ಭಾಗ. ದೇಶದ ಆಯ್ದ ಹುಡುಗರು ಅಲ್ಲಿ ಸೇರಿದ್ದಾರೆ. ಹೆಸರಾಂತ ಕಾಲೇಜು ತರಬೇತುದಾರರು ಸುತ್ತ ಕೂತು ಟಿಪ್ಪಣಿ ಬರೆದುಕೊಳ್ಳುತ್ತಾರೆ. ದನದ ಜಾತ್ರೆಯಲ್ಲಿ ಹಲ್ಲು ನೋಡಿ, ಬೆನ್ನು ತಟ್ಟಿ ಬೆಲೆ ಕಟ್ಟುವ ಹಾಗೆ. ಹುಡುಗರ ಮುಂದೆ ಮಾತಾಡಲು ಬಂದ ನಿರ್ದೇಶಕ ಸ್ಪೈಕ್ ಲೀ, ನಿಮ್ಮ ಮೇಲೆ ಯಾರಿಗೂ ಅಕ್ಕರೆಯಿಲ್ಲ, ನೀವು ಗೆಲ್ಲಿಸಿದರೆ ಅವರ ಶಾಲೆಗೆ ಹಣ ಬರುತ್ತದೆ ಎಂಬ ಅರ್ಥದಲ್ಲಿ ಎಚ್ಚರಿಸುತ್ತಾರೆ. ಶಿಬಿರ ನಡೆಸುತ್ತಿದ್ದದ್ದು ಯಾವ ಕಂಪನಿಯೋ ಆ ಕಂಪನಿಯ ಜಾಹೀರಾತುಗಳನ್ನು ಅದೇ ಕಾಲದಲ್ಲಿ ಮಾಡುತ್ತಿದ್ದವರು ಇದೇ ಲೀ. ಈ ವಿರೋಧಾಭಾಸವನ್ನು ಚಿತ್ರ ಎತ್ತಿ ತೋರಿಸದೆ ಬಿಟ್ಟದ್ದು ನನಗೆ ಸರಿಯೆನಿಸುವುದಿಲ್ಲ. ಅಲ್ಲಿ ಒಂದು ಪ್ರಶ್ನೆ ಕೇಳಬೇಕಿತ್ತು.

ಈಗ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ಚಿತ್ರ ಈ ಜಾತ್ರೆಯನ್ನು ಪ್ರಶ್ನಿಸುತ್ತದೆ, ನಿಜ. ಆದರೆ ಪಂದ್ಯಗಳು ಬಂದಾಗ ಅದೇ ಜಾತ್ರೆಯ ಉಸಿರಾಟದಲ್ಲಿ ತಾನೂ ಉಸಿರಾಡುತ್ತದೆ. ನಿಧಾನಗತಿ, ಏರುವ ಸಂಗೀತ, ಉಳಿದ ಸೆಕೆಂಡುಗಳನ್ನು ಹೇಳುವ ನಿರೂಪಣೆ. 1991ರಲ್ಲಿ ಆರ್ಥರ್‌ನ ಮಾರ್ಷಲ್ ತಂಡ ಎಲ್ಲರ ಎಣಿಕೆ ಮೀರಿ ರಾಜ್ಯಮಟ್ಟದ ಅಂತಿಮ ಸುತ್ತಿಗೆ ಹೋಗಿ ಮೂರನೆಯ ಸ್ಥಾನ ಪಡೆಯುತ್ತದೆ. ವಿಲಿಯಂನನ್ನು ನೆಚ್ಚಿ ಕೂತ ಸೇಂಟ್ ಜೋಸೆಫ್ ಆ ನಾಲ್ಕೂ ವರ್ಷ ಅಲ್ಲಿಗೆ ಮುಟ್ಟಲಿಲ್ಲ. ಕೈಬಿಟ್ಟ ಹುಡುಗ ಗೆದ್ದ ಎಂಬ ಈ ತಿರುವು ಸಿಹಿಯಾದದ್ದು. ಮಾರ್ಷಲ್‌ನ ಒಂದೊಂದು ಪಂದ್ಯಕ್ಕೂ ನಾನು ಮುಷ್ಟಿ ಬಿಗಿದು ಕೂತೆ. ಸಂಕಲನ ಅಷ್ಟು ಚೆನ್ನಾಗಿದೆ, ಆಸ್ಕರ್ ಸಮಿತಿ ಈ ಚಿತ್ರಕ್ಕೆ ಕೊಟ್ಟ ಒಂದೇ ನಾಮನಿರ್ದೇಶನವೂ ಸಂಕಲನಕ್ಕೇ. ಆದರೆ ಹಾಗೆ ಮುಷ್ಟಿ ಬಿಗಿದ ಹೊತ್ತಿನಲ್ಲಿ ನಾವು ಆರ್ಥರ್‌ನ ಗೆಲುವಿಗೆ ಹಾರೈಸುವವರಾಗುತ್ತೇವೆಯೇ ಹೊರತು, ಚೆಂಡು ಬಳೆಯೊಳಗೆ ಬೀಳುವುದರ ಮೇಲೆ ಒಂದು ಮನೆಯ ಬದುಕು ಯಾಕೆ ನಿಲ್ಲಬೇಕು ಎಂದು ಕೇಳುವವರಾಗುವುದಿಲ್ಲ. ಚಿಂತಕಿ ಬೆಲ್ ಹುಕ್ಸ್ ಈ ಚಿತ್ರದ ಬಗ್ಗೆ ಬರೆದ ಕಟು ಪ್ರಬಂಧದಲ್ಲಿ, ಸ್ಪರ್ಧೆಯ ಮೌಲ್ಯವನ್ನೇ ಚಿತ್ರ ಬುಡಕ್ಕಿಳಿದು ಪ್ರಶ್ನಿಸಲಿಲ್ಲ ಎಂಬ ಆಕ್ಷೇಪವಿದೆ. ಅವರಷ್ಟು ದೂರ ನಾನು ಹೋಗಲಾರೆ. ಪಂದ್ಯದ ದೃಶ್ಯಗಳ ಮಟ್ಟಿಗೆ ಮಾತ್ರ ಅವರ ಮಾತನ್ನು ತಳ್ಳಿಹಾಕುವುದು ನನ್ನಿಂದ ಆಗದು.

ಇನ್ನೊಂದು ಕೊರತೆ ಇದಕ್ಕಿಂತ ದೊಡ್ಡದು. ಬೀದಿ ಅಂಕಣವನ್ನು ಕುರಿತು ಹುಟ್ಟಿದ ಚಿತ್ರದಲ್ಲಿ ಬೀದಿ ಅಂಕಣವೇ ಹಿಂದೆ ಸರಿದುಬಿಟ್ಟಿದೆ. ಹೆಚ್ಚಿನ ಪಾಲು ಅದು ಶಾಲೆಗಳಿಗೆ ಹುಡುಗರನ್ನು ಒದಗಿಸುವ ತಾಣ ಅಷ್ಟೆ. ಅಮೆರಿಕದ ನಗರಗಳ ಆ ಅಂಕಣಗಳಿಗೆ ತಮ್ಮದೇ ಕಟ್ಟುಕಟ್ಟಳೆಯಿದೆ. ರೆಫರಿ ಇಲ್ಲ. ತಪ್ಪಾಟವನ್ನು ಆಡುವವರೇ ಕೂಗಿ ಹೇಳಬೇಕು, ಎದುರಾಳಿ ಒಪ್ಪಬೇಕು, ಒಪ್ಪದಿದ್ದರೆ ಜಗಳವಾಡಿ ತೀರಿಸಿಕೊಳ್ಳಬೇಕು. ಗೆದ್ದ ತಂಡ ಅಂಕಣದಲ್ಲೇ ಉಳಿಯುತ್ತದೆ, ಸೋತವರು ಹೊರಗೆ ನಿಂತು ಮತ್ತೆ ಸರದಿ ಕಾಯುತ್ತಾರೆ. ಮುಂದಿನ ಆಟ ನಮ್ಮದು ಎಂದು ಮೊದಲು ಕೂಗಿದವನು ತನ್ನ ಜೊತೆಗಾರರನ್ನು ಆರಿಸಿಕೊಳ್ಳುತ್ತಾನೆ. ಶುಲ್ಕ ಕೇಳುವವರಿಲ್ಲ, ವಯಸ್ಸು ಕೇಳುವವರಿಲ್ಲ. ಹದಿನೈದರ ಹುಡುಗ ನಲವತ್ತರ ಗಂಡಸಿನ ಎದುರು ನಿಂತು ಮಾತಿಗೆ ಮಾತು, ಮೈಗೆ ಮೈ ಕೊಟ್ಟು ಕಲಿಯುತ್ತಾನೆ. ಸೋತ ಸಿಟ್ಟನ್ನು ನುಂಗಿ ಸರದಿಗೆ ನಿಲ್ಲುವುದನ್ನೂ ಅಲ್ಲೇ ಕಲಿಯುತ್ತಾನೆ. ಈ ಕಲಿಕೆಗೆ ತನ್ನಷ್ಟಕ್ಕೇ ಬೆಲೆಯಿದೆ. ಅದು ಯಾವ ಶಾಲೆಗೂ ಏಣಿಯಾಗಬೇಕಿಲ್ಲ.

ಇದನ್ನು ಅರಿತವರು ನ್ಯೂಯಾರ್ಕ್‌ನ ಹಾರ್ಲೆಮ್‌ನಲ್ಲಿದ್ದರು. ನಗರದ ಉದ್ಯಾನ ಇಲಾಖೆಯಲ್ಲಿ ಆಟದಂಗಳ ನೋಡಿಕೊಳ್ಳುತ್ತಿದ್ದ ಹೋಲ್‌ಕೋಂಬ್ ರಕ್ಕರ್ 1950ರ ಸುಮಾರಿಗೆ ಶುರುಮಾಡಿದ ಬೇಸಿಗೆ ಪಂದ್ಯಾವಳಿ ಬೀದಿ ಬಾಸ್ಕೆಟ್‌ಬಾಲಿನ ದೊಡ್ಡ ಹೆಸರಾಗಿ ಬೆಳೆಯಿತು. ರಕ್ಕರ್ ಆಡುವ ಹುಡುಗರ ಅಂಕಪಟ್ಟಿ ನೋಡುತ್ತಿದ್ದರು, ಓದಿಗೆ ಕೂರಿಸುತ್ತಿದ್ದರು. ಅವರು 1965ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು, ನಲವತ್ತೂ ತುಂಬಿರಲಿಲ್ಲ. 155ನೇ ಬೀದಿಯ ಅಂಕಣಕ್ಕೆ ಈಗ ಅವರದೇ ಹೆಸರು. ವಿಲ್ಟ್ ಚೇಂಬರ್‌ಲಿನ್, ಜೂಲಿಯಸ್ ಅರ್ವಿಂಗ್ ಅವರಂಥ ವೃತ್ತಿಪರರು ರಕ್ಕರ್ ಪಂದ್ಯಾವಳಿಯಲ್ಲಿ ಬೀದಿ ಹುಡುಗರ ಎದುರು ಆಡಿದರು. ಆ ನಗರದ ನೆನಪಿನಲ್ಲಿ ಅವರಷ್ಟೇ ಎತ್ತರದಲ್ಲಿ ನಿಲ್ಲುವವನು ಅರ್ಲ್ ಮ್ಯಾನಿಗಾಲ್ಟ್. ಎನ್‌ಬಿಎ ಮುಟ್ಟದವನು. ಹೆರಾಯಿನ್ನಿಗೆ ಬಲಿಬಿದ್ದು, ಜೈಲು ಕಂಡು, ಮರಳಿ ಬಂದು ಮಕ್ಕಳಿಗೆ ಪಂದ್ಯಾವಳಿ ನಡೆಸಿದವನು. 1998ರಲ್ಲಿ ತೀರಿಕೊಂಡ. ವೃತ್ತಿಪರ ಲೀಗಿನ ದಾಖಲೆ ಪುಸ್ತಕದಲ್ಲಿ ಅವನ ಹೆಸರಿಲ್ಲ, ಅಂಕಣದ ನೆನಪಿನಲ್ಲಿದೆ. ಅಂದರೆ ಬೀದಿಗೆ ತನ್ನದೇ ಅಳತೆಗೋಲಿದೆ. 'ಹೂಪ್ ಡ್ರೀಮ್ಸ್' ಎನ್‌ಬಿಎಯ ಅಳತೆಗೋಲನ್ನು ಅನುಮಾನದಿಂದ ನೋಡಿತು, ಆದರೆ ಬೀದಿಯ ಈ ಇನ್ನೊಂದು ಅಳತೆಗೋಲು ಅದರ ಕೈಯಲ್ಲಿರಲಿಲ್ಲ. ಹೀಗಾಗಿ ಕಾಲೇಜು ಮುಟ್ಟಿದ್ದೋ ಮುಟ್ಟದ್ದೋ ಎಂಬುದೇ ಅದರ ಕಥೆಯ ಬೆನ್ನೆಲುಬಾಗಿ ಉಳಿಯಿತು.

ಒಂದು ದೃಶ್ಯ ಮಾತ್ರ ಈ ಮಾತಿಗೆ ಹೊರತು. ವ್ಯಸನ, ಜೈಲು, ಚರ್ಚು ಎಲ್ಲ ದಾಟಿ ಬೋ ಮನೆಗೆ ಮರಳಿದ್ದಾನೆ. ಅಪ್ಪ ಮಗ ಅಂಕಣಕ್ಕಿಳಿದು ಒಬ್ಬರಿಗೊಬ್ಬರು ಆಡುತ್ತಾರೆ. ಮೊದಮೊದಲು ತಮಾಷೆ. ಆಮೇಲೆ ತಪ್ಪಾಟದ ವಾದ, ಎಣಿಕೆಯ ವಾದ. ಮಗನ ದನಿ ಗಟ್ಟಿಯಾಗುತ್ತದೆ. ಇನ್ನು ಮುಂದೆ ನಿನ್ನ ಆಟ ನನ್ನ ಹತ್ತಿರ ನಡೆಯದು ಎಂದು ಮಗ ಹೇಳುತ್ತಿರುವುದು ಬಾಸ್ಕೆಟ್‌ಬಾಲಿನ ಬಗ್ಗೆ ಅಲ್ಲ ಎಂದು ನೋಡುವವರಿಗೂ ತಿಳಿಯುತ್ತದೆ, ಬೋಗೂ ತಿಳಿಯುತ್ತದೆ. ಮನೆಯೊಳಗೆ ಆಡಲಾಗದ ಮಾತನ್ನು ಆಡಲು ಆ ಡಾಂಬರು ನೆಲ ಜಾಗ ಕೊಟ್ಟಿತು. ಕ್ಯಾಮೆರಾ ಇಲ್ಲಿ ಅಂಕ ಎಣಿಸುವುದನ್ನು ಬಿಟ್ಟು ಮುಖಗಳನ್ನು ನೋಡಿತು. ಇಂಥ ಹತ್ತು ನಿಮಿಷ ಹೆಚ್ಚು ಸಿಕ್ಕಿದ್ದರೆ ಸೇಂಟ್ ಜೋಸೆಫ್‌ನ ಎರಡು ಪಂದ್ಯಗಳನ್ನು ಕಳೆದುಕೊಳ್ಳಲು ನಾನು ಸಿದ್ಧ.

ಆರ್ಥರ್‌ನ ತಾಯಿ ಷೀಲಾ ಏಜೀ ಈ ಚಿತ್ರದ ನಿಜವಾದ ಎತ್ತರ. ಬೆನ್ನುನೋವಿನಿಂದ ಕೆಲಸ ಕಳೆದುಕೊಂಡ, ಗಂಡ ಬಿಟ್ಟುಹೋದ, ಮಕ್ಕಳನ್ನು ಕಟ್ಟಿಕೊಂಡು ಸರ್ಕಾರಿ ನೆರವಿನಲ್ಲಿ ದಿನ ನೂಕುವ ತಾಯಿ. ಒಂದು ಹಂತದಲ್ಲಿ ಮನೆಯ ವಿದ್ಯುತ್ತನ್ನೇ ಕಡಿದುಹಾಕುತ್ತಾರೆ. ಆಗ ಆಕೆ ಕ್ಯಾಮೆರಾ ಹಿಡಿದವರನ್ನೇ ಕೇಳುತ್ತಾಳೆ: ತಿಂಗಳಿಗೆ 268 ಡಾಲರಿನಲ್ಲಿ ಈ ಮನೆ ನಡೆಸಿ ಈ ಮಕ್ಕಳ ಹೊಟ್ಟೆ ತುಂಬಿಸುವುದು ಹೇಗೆಂದು ನೀವು ಎಂದಾದರೂ ಯೋಚಿಸಿದ್ದೀರಾ? ಸಾಕ್ಷ್ಯಚಿತ್ರದಲ್ಲಿ ಪಾತ್ರವಾದವರು ಹೀಗೆ ತಿರುಗಿ ಕೇಳುವುದು ಅಪರೂಪ, ಆ ಪ್ರಶ್ನೆಯನ್ನು ಕತ್ತರಿಸದೆ ಉಳಿಸುವುದು ಇನ್ನೂ ಅಪರೂಪ. ಆ ಮನೆಗೆ ಮತ್ತೆ ಬೆಳಕು ಬರಲು ತಾವು ಹಣ ಕೊಟ್ಟದ್ದನ್ನು ನಿರ್ಮಾಪಕರು ಆಮೇಲೆ ಹೇಳಿದ್ದಾರೆ. ಚಿತ್ರದ ಲಾಭದಲ್ಲಿ ಎರಡೂ ಕುಟುಂಬಗಳಿಗೆ ಪಾಲು ಹೋಯಿತು. ಬೇರೆಯವರ ಕಷ್ಟವನ್ನು ತೆರೆಗೆ ತರುವವರಿಗೆ ಇರಬೇಕಾದ ಈ ನ್ಯಾಯಬುದ್ಧಿಯನ್ನು ನಾನು ಚಿತ್ರದ ಗುಣವೆಂದೇ ಎಣಿಸುತ್ತೇನೆ.

ಆರ್ಥರ್‌ಗೆ ಹದಿನೆಂಟು ತುಂಬಿದ ದಿನ ಆಕೆ ಕೇಕು ಮಾಡುತ್ತಾಳೆ. ಅವನು ಹದಿನೆಂಟು ಕಂಡದ್ದೇ ದೊಡ್ಡದು, ಎಷ್ಟೋ ಹುಡುಗರು ಅಷ್ಟೂ ಕಾಣುವುದಿಲ್ಲ ಎನ್ನುತ್ತಾಳೆ. ಮುಂದೆ ಒಂದು ಸಣ್ಣ ಕೋಣೆ. ಬೆರಳೆಣಿಕೆಯಷ್ಟು ಜನ. ಷೀಲಾ ಶುಶ್ರೂಷಾ ಸಹಾಯಕಿಯ ತರಬೇತಿ ಮುಗಿಸಿದ್ದಾಳೆ. ತರಗತಿಯಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ಅವಳದೇ ಎಂದು ಹೇಳಿದಾಗ ಆಕೆ ನಂಬಲಾರದೆ ಅಳುತ್ತಾಳೆ. ಮೂರು ಗಂಟೆಯ ಈ ಚಿತ್ರದಲ್ಲಿ ಪೂರ್ತಿ ಕೈಗೂಡಿದ ಕನಸು ಇದೊಂದೇ. ಅದಕ್ಕೆ ವಾದ್ಯಮೇಳವಿಲ್ಲ, ಸಾವಿರಾರು ಜನರ ಕೂಗಿಲ್ಲ. ನನ್ನ ಕೊರಗು ಇರುವುದು ಇಲ್ಲಿಯೇ. ಆಕೆ ಮನೆಗೆಲಸ ಮುಗಿಸಿ ಯಾವಾಗ ಓದಿದಳು, ಪರೀಕ್ಷೆಗೆ ಹೇಗೆ ಕೂತಳು, ಬೆನ್ನುನೋವನ್ನು ಏನು ಮಾಡಿದಳು ಎಂಬುದನ್ನು ಚಿತ್ರ ಹೆಚ್ಚೇನೂ ತೋರಿಸಿಲ್ಲ. ಮಗನ ಒಂದೊಂದು ಪಂದ್ಯದ ಹಿಂದೆ ಓಡಿದ ಕ್ಯಾಮೆರಾ ತಾಯಿಯ ಓದಿನ ಹಿಂದೆ ಓಡಲಿಲ್ಲ, ಫಲ ಬಂದ ದಿನ ಮಾತ್ರ ಬಂದು ನಿಂತಿತು. ಆ ಒಂದು ದಿನದ ದೃಶ್ಯವೇ ಎಲ್ಲ ಪಂದ್ಯಗಳನ್ನೂ ಮೀರಿ ನಿಲ್ಲುವುದನ್ನು ನೋಡಿದರೆ, ಏನು ಕೈತಪ್ಪಿತು ಎಂಬುದು ತಿಳಿಯುತ್ತದೆ.

ಮುಂದಿನ ಕಥೆಯನ್ನು ಕೇಳದೆ ಇರಲಾಗದು. ವಿಲಿಯಂ ಮಾರ್ಕ್ವೆಟ್ ವಿಶ್ವವಿದ್ಯಾಲಯಕ್ಕೆ ಹೋದ, ಮದುವೆಯಾದ, ಮುಂದೆ ಪಾದ್ರಿಯಾದ. ಆರ್ಥರ್ ಮಿಸೌರಿಯ ಒಂದು ಸಣ್ಣ ಕಾಲೇಜಿನಿಂದ ಅರ್ಕಾನ್ಸಾ ರಾಜ್ಯದ ವಿಶ್ವವಿದ್ಯಾಲಯದವರೆಗೆ ಆಡಿದ. ಇಬ್ಬರೂ ಎನ್‌ಬಿಎ ಕಾಣಲಿಲ್ಲ, ಆದರೆ ಇಬ್ಬರೂ ಕಾಲೇಜು ಕಂಡರು. ಕರ್ಟಿಸ್ 2001ರಲ್ಲಿ ಗುಂಡೇಟಿಗೆ ಬಲಿಯಾದ. ಬೋ 2004ರಲ್ಲಿ ಕೊಲೆಯಾದ. ತಮ್ಮ ಕನಸನ್ನು ಹುಡುಗರಿಗೆ ದಾಟಿಸಿದ ಇಬ್ಬರು ಗಂಡಸರೂ ಹೀಗೆ ಹೋದರು ಎಂದು ತಿಳಿದ ಮೇಲೆ ಚಿತ್ರವನ್ನು ಮತ್ತೆ ನೋಡಿದರೆ ಅವರ ಒಂದೊಂದು ಮಾತೂ ಬೇರೆಯಾಗಿ ಕೇಳುತ್ತದೆ. ಬೋನನ್ನು ತೀರ್ಪಿಲ್ಲದೆ ಚಿತ್ರಿಸಿದ್ದಕ್ಕೆ ಜೇಮ್ಸ್ ಅವರಿಗೆ ನಾನು ಋಣಿ.

ಚಿತ್ರ ಬಂದ ಮೇಲೆ ಆಟದ ಹಣದ ಕಟ್ಟಳೆಗಳೂ ಬದಲಾದವು. ಆಗ ಕಾಲೇಜು ಆಟಗಾರರು ಆಟದ ಹೆಸರಿನಲ್ಲಿ ಹಣ ಪಡೆದರೆ ಅರ್ಹತೆಯೇ ಹೋಗುತ್ತಿತ್ತು. 2021ರ ಜುಲೈನಿಂದ ತಮ್ಮ ಹೆಸರು, ಮುಖಗಳಿಂದ ಹಣ ಗಳಿಸಲು ಅವರಿಗೆ ಅವಕಾಶವಾಗಿದೆ. ಇದು ತಡವಾಗಿ ಬಂದ ನ್ಯಾಯ. ಆದರೂ ಆ ಹಣ ಕಾಲೇಜಿನ ಹೊಸ್ತಿಲು ದಾಟಿ ಹೆಸರಾದವರಿಗೆ. ಎರಡನೆಯ ವರ್ಷದಲ್ಲಿ ಶುಲ್ಕ ಕಟ್ಟಲಾಗದೆ ಹೊರಬಿದ್ದ ಆರ್ಥರ್‌ನ ಮನೆಗೆ ಅದರಿಂದ ಒಂದು ಡಾಲರೂ ಬರುತ್ತಿರಲಿಲ್ಲ.

ಬೀದಿಯಾಟವನ್ನು ಚಿತ್ರಿಸುವ ಬಗೆಯೂ ಬದಲಾಯಿತು. 1990ರ ದಶಕದ ಕೊನೆಗೆ ಆಂಡ್‌ಒನ್ ಎಂಬ ಶೂ ಕಂಪನಿ ನ್ಯೂಯಾರ್ಕ್‌ನ ಕ್ವೀನ್ಸ್‌ನ ಹುಡುಗ ರೇಫರ್ ಆಲ್‌ಸ್ಟನ್‌ನ ಬೀದಿಯಾಟದ ತುಣುಕುಗಳನ್ನು ಸಂಗೀತಕ್ಕೆ ಜೋಡಿಸಿ ಹಂಚಿತು. ಅಲ್ಲಿಂದ ಬೆಳೆದ ದಾರಿ ಇಂದಿನ ಮೊಬೈಲ್ ತುಣುಕುಗಳಿಗೆ ಬಂದು ನಿಂತಿದೆ. ಕೈಚಳಕ, ಹಾರಿ ಬಳೆಗೆ ತುರುಕಿದ ಚೆಂಡು, ಎದುರಾಳಿ ಮುಗ್ಗರಿಸಿದ ಗಳಿಗೆ, ಮತ್ತೆ ಮುಂದಿನದು. ಆ ತುಣುಕುಗಳಲ್ಲಿ ಒಂದೂವರೆ ಗಂಟೆಯ ಬಸ್ಸಿಲ್ಲ, ಬಾಕಿ ಶುಲ್ಕವಿಲ್ಲ, ಕತ್ತಲೆಯ ಅಡುಗೆಮನೆಯಿಲ್ಲ. ಅವುಗಳ ಪಕ್ಕದಲ್ಲಿಟ್ಟು ನೋಡಿದಾಗ 'ಹೂಪ್ ಡ್ರೀಮ್ಸ್'ನ ಬೆಲೆ ನನಗೆ ಇನ್ನೂ ಹೆಚ್ಚುತ್ತದೆ. ಅದು ಚೆಂಡಿನ ಹಿಂದೆ ಓಡಿತು ಎಂದು ನಾನು ಆಕ್ಷೇಪಿಸಿದೆ. ಚೆಂಡು ಹೋದ ಮನೆಯವರೆಗೂ ಓಡಿ, ಬಾಗಿಲಲ್ಲಿ ನಿಲ್ಲದೆ ಒಳಗೆ ಹೋಗಿ, ವರ್ಷಗಟ್ಟಲೆ ಕೂತದ್ದೂ ಅದೇ ಕ್ಯಾಮೆರಾ. ಹೊಸದಾಗಿ ನೋಡುವವರಿಗೆ ನಾನು ಹೇಳುವುದಿಷ್ಟೆ: 171 ನಿಮಿಷವನ್ನೂ ಒಮ್ಮೆಗೇ ನೋಡಿ. ನೀರು ಕುಡಿಯಲು ಏಳಬೇಕಾದರೆ ಪಂದ್ಯ ನಡೆಯುವಾಗ ಎದ್ದು ಹೋಗಿ, ಷೀಲಾ ಮಾತಾಡುವಾಗ ಬೇಡ.